ಹದಿನಾಲ್ಕು ಹಸಿರು ಕಾರ್ಡು

12 ಜನವರಿ 2004, ಸೋಮವಾರ

ಕಗ್ಗದಾಸಪುರ, ಎರಡನೇ ಶೆಡ್ ಲೈನು. ಬೆಳಿಗ್ಗೆ ಏಳರಿಂದ ಒಂಬತ್ತೂವರೆ — ಹತ್ತೊಂಬತ್ತು ಜನ, ಮೂವತ್ತೆಂಟು ಕಾಲು. ಕೂತು ಎದ್ದು ಕೂತು ಎದ್ದು ನನ್ನ ಮಂಡಿಯೇ ಹೋಯ್ತು.

ಕೈಗೊಂದು ಬಿಪಿ, ಕಾಲಿಗೊಂದು ಬಿಪಿ. ಪಾದಕ್ಕೆ ಜೆಲ್ ಹಚ್ಚಿ ಡಾಪ್ಲರ್ ಪೆನ್ನು ಇಟ್ಟರೆ ರಕ್ತ ಓಡುವ ಸದ್ದು — ಹುಶ್… ಹುಶ್… ಕಾಲಿನದನ್ನು ಕೈಯದರಿಂದ ಭಾಗಿಸು. 0.9ಕ್ಕಿಂತ ಕಡಿಮೆ ಬಂದರೆ ಕಾಲಿನ ರಕ್ತನಾಳ ಕಟ್ಟಿಕೊಳ್ಳುತ್ತಿದೆ ಅಂತ. ಪಿಂಕ್ ಕಾರ್ಡು, ಆಸ್ಪತ್ರೆಗೆ ಬನ್ನಿ. ಇಲ್ಲದಿದ್ದರೆ ಹಸಿರು ಕಾರ್ಡು, ಆರಾಮಾಗಿ ಹೋಗಿ. ಕೂಲಿಯವರಲ್ಲಿ ಎಷ್ಟು ಜನಕ್ಕೆ ಈ ಕಾಯಿಲೆ ಗೊತ್ತಿಲ್ಲದೆ ಸೇರಿಕೊಂಡಿದೆ — ಇದು ಲಕ್ಷ್ಮಿಕಾಂತ ಸರ್ ಸ್ಟಡಿ. ಸರ್ ರಕ್ತನಾಳದ ಸರ್ಜನ್. ನಾನು ಬಿಎಸ್ಸಿ, ಮೂರು ದಿನದ ಟ್ರೇನಿಂಗು.

ಗಂಡಸರು ಕಾಲು ಕೊಡುವುದಿಲ್ಲ. ದೊಡ್ಡ ತಲೆನೋವು. ಇವತ್ತು ಮಾನಪ್ಪ ಅಂತ — ಸುರಪುರದ ಕಡೆಯವರು, ಗಾರೆ ಕೆಲಸ, ಐವತ್ತೆರಡು, ಸಕ್ಕರೆ ಕಾಯಿಲೆ ಹತ್ತು ವರ್ಷದ್ದು, ಕಿವಿಯ ಮೇಲೆ ಬೀಡಿ. ಪಾದ ಎಳೆದುಕೊಂಡೇಬಿಟ್ಟರು.

“ಹೆಣ್ಮಗಳ ಕೈಯಾಗ ಕಾಲ್ ಕೊಡದೇನ್ರಿ ಅಕ್ಕಾರ? ಪಾಪ ಸುತ್ಕೊಂತದ.”

“ಪಾಪ ನನಗಿರ್ಲಿ, ಕಾಲು ಕೊಡಿ” ಅಂದೆ. ಹೆಂಡತಿ ಹುಸೇನಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಅಳೆದೆ, 1.42. ಇಷ್ಟು ಜಾಸ್ತಿ ಯಾರಿಗೂ ಬಂದಿರಲಿಲ್ಲ. ಭೇಷ್ ಅಂದೆ, ಹಸಿರು ಕಾರ್ಡು ಕೊಟ್ಟೆ. ಮಾನಪ್ಪ ನನ್ನ ಕೈ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಕಾಲು ಮುಟ್ಟಿಸಿಕೊಂಡಿದ್ದಕ್ಕೆ ಪರಿಹಾರವಂತೆ.

ಟ್ರೇನಿಂಗ್ ದಿನಗಳಲ್ಲಿ ಅಮ್ಮನ ಮೇಲೆ ಪ್ರಾಕ್ಟೀಸ್ ಮಾಡಿದಾಗಲೂ ಹೀಗೇ, 1.38. ತಮಾಷೆಗೆ ಒಂದು ಹಸಿರು ಕಾರ್ಡು ಬರೆದುಕೊಟ್ಟಿದ್ದೆ, ನಂಬರ್ ಸೊನ್ನೆ. ಅದನ್ನು ಬಾಬಾಸಾಹೇಬರ ಫೋಟೋ ಕೆಳಗೆ ಅಂಟಿಸಿದ್ದಾಳೆ. ಹೂವು ಕೊಳ್ಳಲು ಬಂದವರಿಗೆಲ್ಲ ಮಗಳು ಕೊಟ್ಟ ಸರ್ಟಿಫಿಕೇಟಿನ ಸುದ್ದಿ.

18 ಫೆಬ್ರವರಿ, ಬುಧವಾರ

ಬಾಣಸವಾಡಿ ಮುಗೀತು. ಒಟ್ಟು 240. ಮೇಸ್ತ್ರಿ ಬೈಲಪ್ಪ ಇಲ್ಲದಿದ್ದರೆ ಒಬ್ಬರೂ ಸಾಲಿಗೆ ನಿಲ್ಲುತ್ತಿರಲಿಲ್ಲ. ಯಾವ ಕೂಲಿಯವನು ಯಾವ ಸೈಟಿಗೆ ಹೋದ ಅನ್ನುವುದು ಅವನ ನಾಲಿಗೆ ತುದಿಯಲ್ಲಿ.

ಬೆಳಿಗ್ಗೆ ಎದ್ದರೆ ಅಮ್ಮ ಕುರ್ಚಿಯಲ್ಲೇ ನಿದ್ದೆ. ಈ ವಾರದಲ್ಲಿ ಮೂರನೇ ಸಲ. ಟಿವಿ ಹುಚ್ಚು ಅಂತ ಬೈದೆ.

3 ಮೇ, ಸೋಮವಾರ

ಫೀಲ್ಡ್ ಮುಗಿದು ಟೇಬಲ್ ಕೆಲಸ. 412 ಜನ. ಅದರಲ್ಲಿ ಹದಿನಾಲ್ಕು ಜನರದು 1.3ಕ್ಕಿಂತ ಮೇಲೆ. ಇವರನ್ನು ಎಲ್ಲಿ ಸೇರಿಸಲಿ ಅಂತ ಸರ್ ಹತ್ತಿರ ಕೇಳಿದೆ.

“ಎಕ್ಸ್‌ಕ್ಲೂಡ್ ಮಾಡು. ಶುಗರ್ ಇರೋರಲ್ಲಿ ರಕ್ತನಾಳದ ಗೋಡೆ ಗಟ್ಟಿ ಆಗ್ಬಿಟ್ಟಿರುತ್ತೆ. ಬಿಪಿ ಪಟ್ಟಿ ಎಷ್ಟು ಬಿಗಿದ್ರೂ ಅಮುಕೋದಿಲ್ಲ. ಒಳಗೆ ರಕ್ತ ಇಲ್ದಿದ್ರೂ ನಂಬರ್ ಮೇಲೇ ಬರುತ್ತೆ, ಸುಳ್ಳು ನಂಬರ್ರು.”

ತೆಗೆದೆ. ಡಿಲೀಟ್ ಒತ್ತಲು ಎಷ್ಟು ಹೊತ್ತು. ಊಟಕ್ಕೆ ಸಿಸ್ಟರ್ ವಾಜಿದಾ ತಂದಿದ್ದ ಖೀಮಾ, ತುಂಬಾ ಚೆನ್ನಾಗಿತ್ತು.

20 ಮೇ, ಗುರುವಾರ

ಮಾನಪ್ಪ ಬಂದಿದ್ದಾರೆ. ಓಪಿಡಿ ಬೆಂಚಿನ ಮೇಲೆ. ಎಡಗಾಲಿನ ಎರಡು ಬೆರಳು ಕಪ್ಪು, ಸುಟ್ಟ ಬದನೆಕಾಯಿ.

ಸಿಸ್ಟರ್ ವಾಜಿದಾ ಬ್ಯಾಂಡೇಜ್ ಬಿಚ್ಚುತ್ತಿದ್ದಳು. ಹುಸೇನಮ್ಮ ನನ್ನ ಗುರುತು ಹಿಡಿದು ಎದ್ದರು. ರವಿಕೆಯೊಳಗಿಂದ ಪ್ಲಾಸ್ಟಿಕ್ ಕವರು, ಅದರೊಳಗಿಂದ ಹಸಿರು ಕಾರ್ಡು. ನನ್ನ ಕೈಬರಹ. ‘ನಾರ್ಮಲ್’ ಪಕ್ಕ ನನ್ನ ರೈಟ್ ಮಾರ್ಕು, ದೊಡ್ಡದಾಗಿ.

“ಮೂರ್ ತಿಂಗ್ಳಾತ್ರಿ ಅಕ್ಕಾರ. ಅಡ್ಡ ಆದ್ರ ಕಾಲು ಉರಿ ಅಂತಾರ್ರಿ. ಕುಂತು, ಕಾಲು ಕೆಳಗ ಬಿಟ್ಟೇ ನಿದ್ದಿ ಮಾಡ್ತಾರ. ಡಾಕ್ಟರಗ ಈ ಕಾರ್ಡ್ ತೋರ್ಸಿದ್ವಿ. ರಕ್ತ ಚಂದ ಅದ ಅಂತ ಬರದಾರ, ನರದ್ದಿರಬೇಕು ಅಂತ ಗುಳಗಿ ಕೊಟ್ಟ್ರು. ನೀವು ಕೊಟ್ಟಿದ್ದು ಚಲೋ ಆತ್ರಿ, ಎಲ್ಲಾ ಕಡಿ ಇದನ್ನೇ ತೋರ್ಸಿವಿ.”

ಚಲೋ ಆತ್ರಿ ಅಂದರು. ನನಗೇ.

ಬಾತ್‌ರೂಮಿಗೆ ಹೋಗಿ ಅತ್ತೆ. ವಾಜಿದಾ ಬಾಗಿಲು ಬಡಿದಳು. “ಅರೇ ತೇಜೂ, ರೋನಾ ಬಾದ್‌ಮೇ, ಆಮೇಲೆ ಅಳು. ಸರ್ ಕರೀತವ್ರೆ, ನಡಿ.”

ಅದೇ ದಿನ, ಸಂಜೆ

ಬರೆದಿಡಬೇಕು, ಮರೆಯಬಾರದು. ಪ್ರೋಟೋಕಾಲಲ್ಲಿ ಎರಡೇ ಬಣ್ಣ ಇತ್ತು. 1.3 ದಾಟಿದವರಿಗೆ ಯಾವ ಕಾರ್ಡು ಅಂತ ಯಾರೂ ಬರೆದಿರಲಿಲ್ಲ. ನಾನೂ ಕೇಳಲಿಲ್ಲ. ಜಾಸ್ತಿ ಇದ್ದರೆ ಒಳ್ಳೆಯದೇ, ಮಾರ್ಕ್ಸ್ ಇದ್ದ ಹಾಗೆ ಅಂದುಕೊಂಡೆ. ಹದಿನಾಲ್ಕು ಜನಕ್ಕೂ ಹಸಿರು ಕೊಟ್ಟೆ. ಕಂಪ್ಯೂಟರಿನಿಂದ ತೆಗೆದೆವು, ಅವರ ಜೇಬಿನಿಂದ ತೆಗೆಯಲಿಲ್ಲ.

ಸರ್ ಹತ್ತಿರ ಹೋಗಿ ಹೇಳಿದೆ — ಹದಿನಾಲ್ಕೂ ಜನರನ್ನು ಹುಡುಕಬೇಕು.

“ಸ್ಟಡಿ ಕ್ಲೋಸ್ ಆಗಿದೆ ತೇಜಶ್ರೀ. ಜುಲೈಗೆ ರಿಪೋರ್ಟ್ ಹೋಗ್ಬೇಕು. ಶೆಡ್ ಜನ ಒಂದ್ ಕಡೆ ಇರ್ತಾರಾ? ಎಲ್ಲಿ ಅಂತ ಹುಡುಕ್ತೀಯ?”

“ರಿಪೋರ್ಟ್ ನೀವು ಬರೀರಿ ಸರ್. ಕಾರ್ಡು ಕೊಟ್ಟಿದ್ದು ನಾನು.”

ಧ್ವನಿ ಜೋರಾಗಿಯೇ ಬಂತು. ಕೆಲಸ ಹೋದರೆ ಹೋಗಲಿ ಅನ್ನಿಸಿತ್ತು. ಸರ್ ಕನ್ನಡಕ ತೆಗೆದು ಟೇಬಲ್ ಮೇಲಿಟ್ಟರು. ಆಮೇಲೆ — “ಕಾರ್ಡ್ ಡಿಸೈನ್ ಮಾಡಿದ್ದು ನಾನು.” ಬೀರುವಿನಿಂದ ಹಳೆಯ ಜರ್ನಲ್ ಒಂದನ್ನು ತೆಗೆದು ನನ್ನ ಮುಂದೆ ಹಾಕಿದರು.

21 ಮೇ, ಶುಕ್ರವಾರ

ಜರ್ನಲ್ಲಿನ ಪರೀಕ್ಷೆ ಎಷ್ಟು ಸುಲಭ! ಬಿಪಿ ಪಟ್ಟಿಯೇ ಬೇಡ. ರೋಗಿಯನ್ನು ಮಲಗಿಸು, ಪಾದಕ್ಕೆ ಡಾಪ್ಲರ್ ಹಿಡಿ, ಕಾಲನ್ನು ನಿಧಾನವಾಗಿ ಮೇಲೆತ್ತು. ರಕ್ತಕ್ಕೆ ಮೇಲಕ್ಕೆ ಹತ್ತುವ ಶಕ್ತಿ ಇರುವವರೆಗೆ ಸದ್ದು ಇರುತ್ತದೆ. ಎಲ್ಲಿ ನಿಂತಿತೋ, ಎದೆಮಟ್ಟದಿಂದ ಅಲ್ಲಿಗೆ ಎಷ್ಟು ಎತ್ತರ ಅಂತ ಅಳೆ. ಐವತ್ತು ಸೆಂಟಿಮೀಟರಿಗಿಂತ ಕೆಳಗೇ ನಿಂತರೆ ಕಾಲು ಅಪಾಯದಲ್ಲಿದೆ. ಪೂರ್ತಿ ಎತ್ತಿದರೂ ಸದ್ದು ಇದ್ದರೆ ಸದ್ಯಕ್ಕೆ ಭಯವಿಲ್ಲ. ಗಟ್ಟಿಯಾದ ರಕ್ತನಾಳ ಇಲ್ಲಿ ಮೋಸ ಮಾಡಲು ಆಗುವುದಿಲ್ಲ.

ಅಳತೆ ಕೋಲು ವಾರ್ಡಿನಲ್ಲಿ ಎಲ್ಲಿಂದ ಬರಬೇಕು. ಸ್ಟೋರಿಗೆ ಇಂಡೆಂಟ್ ಹಾಕಿ ಅಂದರು. ಮಾನಪ್ಪ ಮಲಗಿದ್ದಲ್ಲಿಂದಲೇ ಹೆಂಡತಿಗೆ ಹೇಳಿದರು — “ಚೀಲದಾಗ ನನ್ ಟೇಪ್ ಅದ, ಕೊಡು ಅಕ್ಕಾರಿಗೆ.” ಸಿಮೆಂಟು ಮೆತ್ತಿದ ಉಕ್ಕಿನ ಟೇಪು. ಅವರದೇ ಟೇಪಿನಲ್ಲಿ ಅವರ ಕಾಲು ಅಳೆದೆ.

ಮೂವತ್ತೊಂದು.

“ಗೋಡಿ ಎಷ್ಟು ಎದ್ದದ್ರಿ?” ಅಂದರು. ಹೇಳಿದೆ. “ಪಾಯಾದಾಗೇ ನಿಂತದಲ್ರಿ ಹಂಗಾರ” ಅಂತ ನಕ್ಕರು. ನನಗೆ ನಗು ಬರಲಿಲ್ಲ. ಕಾರ್ಡಿನ ವಿಷಯ ಹೇಳಿಬಿಟ್ಟೆ, ತಪ್ಪು ನನ್ನದು ಅಂತ. ಹುಸೇನಮ್ಮ ಮುಖ ತಿರುಗಿಸಿಕೊಂಡರು. ಮಾನಪ್ಪ ಸೂರು ನೋಡುತ್ತಾ ಮಲಗಿದ್ದರು. “ಉಳದವ್ರನ್ನ ಲಗೂನ ಹಿಡೀರಿ” ಅಂದರು, ಅಷ್ಟೇ. ಟೇಪು ವಾಪಸು ತೆಗೆದುಕೊಳ್ಳಲಿಲ್ಲ.

29 ಮೇ, ಶನಿವಾರ

ಮಾನಪ್ಪನಿಗೆ ಆಪರೇಷನ್ ಆಯ್ತು. ತೊಡೆಯ ಸಿರೆ ತೆಗೆದು, ಕಟ್ಟಿಕೊಂಡ ರಕ್ತನಾಳವನ್ನು ದಾಟಿಸಿ ಜೋಡಿಸಿದ್ದಾರೆ. ಆರು ಗಂಟೆ ಹೊತ್ತು. ಎರಡು ಬೆರಳು ಹೋದವು. ಪಾದ ಬೆಚ್ಚಗಿದೆ. ಮುಟ್ಟಿ ನೋಡಿದೆ, ಮತ್ತೆ ಮತ್ತೆ.

ಹುಸೇನಮ್ಮ ಇನ್ನೂ ಮಾತಾಡುತ್ತಿಲ್ಲ. ಮಾತಾಡಬೇಕಾಗಿಯೂ ಇಲ್ಲ.

ಈ ಡೈರಿಯ ಕೊನೇ ಪುಟದಲ್ಲಿ ಹದಿನಾಲ್ಕು ಹೆಸರು ಬರೆದಿದ್ದೇನೆ. ಮೊದಲನೆಯದಕ್ಕೆ ಗೆರೆ ಹೊಡೆದೆ. ಹದಿಮೂರು ಬಾಕಿ.

6 ಜೂನ್, ಭಾನುವಾರ

ಶೆಡ್ಡೇ ಇಲ್ಲ! ಕಗ್ಗದಾಸಪುರದ ಲೈನು ಇದ್ದಲ್ಲಿ ನಾಲ್ಕು ಮಹಡಿ ನಿಂತಿದೆ. ವಾಚ್‌ಮನ್ ಒಳಗೇ ಬಿಡಲಿಲ್ಲ. ಬೈಲಪ್ಪನನ್ನು ಹೊಸ ತಿಪ್ಪಸಂದ್ರದ ಮಾರ್ಕೆಟ್ ರೋಡಿನ ಟೀ ಅಂಗಡಿಯಲ್ಲಿ ಹಿಡಿದು, ಡೈರಿಯ ಕೊನೇ ಪುಟದ ಹೆಸರು ಓದಿ ಹೇಳಿದೆ.

“ಚಿನ್ನಪ್ಪ ಅಲ್ವಾ, ಕೆಆರ್ ಪುರ ಕೆರೆ ಹತ್ರ ಸೈಟು. ಜಟ್ಟೆಪ್ಪ ಊರಿಗ್ ಹೋದ. ಇವರಿಬ್ರು ಇಲ್ಲೇ ಹಿಂದ್ಗಡೆ ಬಾಡಿಗೆ ರೂಮು… ಯಾಕಮ್ಮಾ, ಏನಾರಾ ಸೀರಿಯಸ್ಸಾ?”

“ಹೂಂ. ನೀವೂ ಬನ್ನಿ, ಟೀ ಆಮೇಲೆ ಕುಡೀಬಹುದು.”

ಬಂದ. ಇವತ್ತು ನಾಲ್ಕು ಜನ. ನಾಲ್ವರಿಗೂ ಸದ್ದು ಕೊನೆಯವರೆಗೆ ಇತ್ತು. ಮೈಮೇಲಿಂದ ಸಿಮೆಂಟು ಮೂಟೆ ಇಳಿದಷ್ಟು ಹಗುರ.

ಆದರೆ ಹಸಿರು ಕಾರ್ಡು ವಾಪಸು ಕೊಡಿ ಅಂದರೆ ಜಗಳ. ಆಸ್ಪತ್ರೆ ಸೀಲು, ಹೆಸರು, ಊರು ಎಲ್ಲ ಇದೆಯಲ್ಲ — ರೂಮ್ ಓನರಿಗೆ, ಬೀಟ್ ಪೊಲೀಸಿಗೆ ಅದನ್ನೇ ತೋರಿಸುತ್ತಾರಂತೆ. “ಬೆಂಗ್ಳೂರಾಗ ನಮ್ದಂತ ಇರದು ಇದೊಂದ ಕಾಗದ್ರಿ” ಅಂತ ಒಬ್ಬ ಜೇಬಿನ ಮೇಲೆ ಕೈ ಇಟ್ಟುಕೊಂಡ. ಖಾಲಿ ಕೈಯಲ್ಲಿ ಹೋದದ್ದು ನನ್ನ ದಡ್ಡತನ.

8 ಜೂನ್, ಮಂಗಳವಾರ

ಹಸಿರಿನ ಬದಲಿಗೆ ಕೊಡಲು ಹಳದಿ ಕಾರ್ಡು ಮಾಡಿಸಿದೆ. ‘ಬಿಪಿ ಪಟ್ಟಿಯ ಲೆಕ್ಕ ನಂಬಬೇಡಿ, ಕಾಲು ಎತ್ತಿ ನೋಡಿ.’ ಹೆಸರು, ಊರು, ಹಳೆಯದಕ್ಕಿಂತ ದೊಡ್ಡ ಸೀಲು. ಸೀಲು ಸರ್ ತಾವೇ ಹೊಡೆದರು, ಒಂದೊಂದಕ್ಕೂ. ರಿಪೋರ್ಟಿನಲ್ಲಿ ಈ ಹದಿನಾಲ್ಕು ಜನಕ್ಕೆ ಬೇರೆ ಟೇಬಲ್ ಹಾಕುತ್ತಾರಂತೆ, ತಪ್ಪಿನ ಸಮೇತ.

19 ಜೂನ್, ಶನಿವಾರ

ಹನ್ನೆರಡು ಆಯ್ತು. ಬಾಣಸವಾಡಿ ಸ್ಟೇಷನ್ ಹಿಂದೆ ಸಿಕ್ಕ ಒಬ್ಬರಿಗೆ ನಲವತ್ತರಲ್ಲೇ ಸದ್ದು ನಿಂತಿತು. ಗಾಯ ಇರಲಿಲ್ಲ, ಕಪ್ಪು ಇರಲಿಲ್ಲ! ಅಲ್ಲಿಂದಲೇ ಆಟೋದಲ್ಲಿ ಅಡ್ಮಿಟ್. “ಬೆರಳು ಹೋಗೋ ಮೊದ್ಲು ಸಿಕ್ಕಿದ್ದಾರೆ. ಬಲೂನ್ ಹಾಕಿ ರಕ್ತನಾಳ ಬಿಡಿಸಿದ್ರೆ ಸಾಕು” ಅಂದರು ಸರ್. ಬಸ್‌ಸ್ಟಾಪಿನಲ್ಲಿ ಒಬ್ಬಳೇ ನಗುತ್ತಾ ನಿಂತಿದ್ದೆ. ಜನ ಏನಂದುಕೊಂಡರೋ.

ಜಟ್ಟೆಪ್ಪನ ಊರಿನ ಕಿರಾಣಿ ಅಂಗಡಿಗೆ ಎಸ್‌ಟಿಡಿ ಮಾಡಿದೆ. ನಾಲ್ಕನೇ ಸಲಕ್ಕೆ ಸಿಕ್ಕ. ಬಿತ್ತನೆ ಮುಗಿಸಿ ಬರ್ತೀನಿ ಅಂದ. ಮಾನಪ್ಪನ ಬೆರಳಿನ ಕಥೆ ಹೇಳಿದೆ. ನಾಡಿದ್ದೇ ಬಸ್ ಹತ್ತುತ್ತಾನಂತೆ.

22 ಜೂನ್, ಮಂಗಳವಾರ

ಜಟ್ಟೆಪ್ಪ ಬಂದ. ಸದ್ದು ಕೊನೆಯವರೆಗೂ ಇದೆ. ಸುಮ್ಮನೆ ಕರೆಸಿದಿರಿ ಅಂತ ನನಗೇ ಬೈದ. ಬೈಸಿಕೊಂಡೆ, ಖುಷಿಯಾಗಿ.

ಮಾನಪ್ಪ ಡಿಸ್ಚಾರ್ಜ್. ಬೀಡಿ ಬಿಟ್ಟಿದ್ದಾರೆ, ಕಿವಿ ಖಾಲಿ. ಗೇಟಿನ ಹತ್ತಿರ ಹುಸೇನಮ್ಮ ನಿಂತರು. “ಎಷ್ಟ್ ಮಂದಿ ಉಳದಾರ್ರಿ?” ಒಬ್ಬರು ಅಂದೆ. “ಅವ್ರನ್ನೂ ಮುಗ್ಸ್ರಿ” ಅಂದರು.

26 ಜೂನ್, ಶನಿವಾರ

ಹದಿನಾಲ್ಕು! ಕೆಆರ್ ಪುರದಲ್ಲಿ ಚಿನ್ನಪ್ಪ, ಆರನೇ ಸೈಟಿನಲ್ಲಿ ಸಿಕ್ಕ. ಕಾಲು ಚೆನ್ನಾಗಿದೆ. ಕೊನೇ ಗೆರೆ ಹೊಡೆದೆ, ಪೇಪರ್ ಹರಿಯುವಷ್ಟು ಜೋರಾಗಿ. ಓಪಿಡಿ ಮುಚ್ಚಿದ್ದರಿಂದ ಡಾಪ್ಲರ್ ಮನೆಗೇ ತಂದೆ. ಸೋಮವಾರ ಒಪ್ಪಿಸಬೇಕು.

27 ಜೂನ್, ಭಾನುವಾರ. ಬೆಳಿಗ್ಗೆ 9.20

ಹಸಿರು ಕಾರ್ಡುಗಳನ್ನು ನೆಲದ ಮೇಲೆ ಹರಡಿಕೊಂಡು ಕೂತಿದ್ದೆ. ಎಣಿಸಿದೆ, ಹದಿನಾಲ್ಕು. ಎಲ್ಲ ವಾಪಸು ಬಂತು ಅಂತ ತಮ್ಮನಿಗೆ ತೋರಿಸಿದೆ. ಭೀಮೇಶ್ ಶೇವ್ ಮಾಡಿಕೊಳ್ಳುತ್ತಾ ಕನ್ನಡಿಯಲ್ಲೇ ನೋಡಿ ಹೇಳಿದ —

“ಹದಿನೈದು ಕಣೇ. ಗೋಡೆ ಮೇಲೊಂದಿದೆಯಲ್ಲ.”

ಬಾಬಾಸಾಹೇಬರ ಕೆಳಗೆ. ನಂಬರ್ ಸೊನ್ನೆ. ರಿಜಿಸ್ಟರಿನಲ್ಲಿ ಇಲ್ಲದ್ದು. ಅಮ್ಮನಿಗೂ ಸಕ್ಕರೆ ಕಾಯಿಲೆ. 1.38.

ಅಮ್ಮ ಕುರ್ಚಿಯಲ್ಲಿ ಕೂತು ಕನಕಾಂಬರ ಕಟ್ಟುತ್ತಿದ್ದಳು. ಕಾಲು ಕೆಳಗೆ ಬಿಟ್ಟುಕೊಂಡು. ನಾಲ್ಕು ತಿಂಗಳಿಂದ ಹೀಗೇ ನಿದ್ದೆ ಮಾಡುತ್ತಿದ್ದಾಳೆ. ನಾನು ಟಿವಿ ಹುಚ್ಚು ಅಂತ ಬೈದಿದ್ದೇನೆ… ಥೂ ನನ್ನ ಬುದ್ಧಿಗೆ.

“ಅಮ್ಮಾ, ಮಲಗಿದ್ರೆ ಕಾಲು ಉರಿಯುತ್ತಾ?”

“ಉರೀತದೆ. ವಯಸ್ಸಾಯ್ತಲ್ಲ. ನೀನೇ ಬರ್ಕೊಟ್ಟಿದ್ದೀಯಲ್ಲ ಚೆನ್ನಾಗಿದೆ ಅಂತ.”

9.40

ಫಾರಂ ಇಲ್ಲ, ಇಲ್ಲೇ ಬರೆಯುತ್ತೇನೆ. ಅಮ್ಮ ಚಾಪೆ ಮೇಲೆ. ಭೀಮೇಶ್ ಅರ್ಧ ಶೇವಿನ ಮುಖದಲ್ಲೇ ಕಾಲು ಎತ್ತುತ್ತಿದ್ದಾನೆ. ಮಾನಪ್ಪನ ಟೇಪು. ಬಲಗಾಲು ಪೂರ್ತಿ ಎತ್ತಿದರೂ ಸದ್ದು ಇದೆ. ಎಡಗಾಲು —

ಹತ್ತು, ಇದೆ.
ಇಪ್ಪತ್ತು, ಇದೆ.
ಮೂವತ್ತು, ಸಣ್ಣಗೆ.
ನಲವತ್ತು… ಇದೆ, ಇದೆ.
ನಲವತ್ತನಾಲ್ಕು. ನಿಂತಿತು.

ಇನ್ನೊಂದು ಸಲ ನೋಡಿದೆ. ನಲವತ್ತನಾಲ್ಕು.

ಪಾದ ತಿರುಗಿಸಿ ನೋಡಿದೆ. ಬೆರಳುಸಂದು ಬಿಡಿಸಿ ನೋಡಿದೆ. ಗಾಯವಿಲ್ಲ, ಕಪ್ಪಿಲ್ಲ, ಐದೂ ಬೆರಳಿವೆ. ಹೊತ್ತು ಮೀರಿಲ್ಲ. ಸರ್‌ಗೆ ಫೋನ್ ಮಾಡಿದೆ. “ಈಗ್ಲೇ ಕರ್ಕೊಂಡ್ ಬಾ, ನಾನೂ ಹೊರಟೆ” ಅಂದರು.

ಅಮ್ಮ — “ಹೂವು ಬಾಡ್‌ಹೋಗ್ತವೆ ಕಣೇ, ಸಾಯಂಕಾಲ ಹೋದ್ರಾಗಲ್ವಾ?” ಆಗಲ್ಲ. ಗೋಡೆಯಿಂದ ಕಾರ್ಡು ಕಿತ್ತೆ, ಸುಣ್ಣದ ಸಮೇತ ಬಂತು. ಆಟೋ ಹಾರ್ನ್ ಹೊಡೆಯುತ್ತಿದೆ. ಕೊನೇ ಪುಟಕ್ಕೆ ಅಮ್ಮನ ಹೆಸರು ಸೇರಿಸಬೇಕು. ಹದಿನೈದು, ಮಂಜುಳ