ತಾರವ್ವನ ನೀಲಿ ಕಲ್ಲಿನ ಕಡಗ

ಬನಹಟ್ಟಿ
೧೦-೨-೧೯೬೯, ಸೋಮವಾರ. ಸಂಜಿ

ಮುಂಜಾನಿ ಎರಡು ಜೋಡಿ ಕಾಲುಂಗುರ. ಒಂದು ಉಡದಾರಕ್ಕ ಕೊಂಡಿ. ಮಧ್ಯಾಹ್ನ ತಾರವ್ವ ಬಂದಿದ್ದಳು — ನೂಲಿನ ಸಾವಕಾರ ಪಾಯಪ್ಪನವರ ಮನ್ಯಾಗ ಮುಸರಿ ತಿಕ್ಕತಾಳಲ್ಲ, ಅಕಿ. ಸೆರಗಿನ ಗಂಟು ಬಿಚ್ಚಿ ಒಂದು ಬೆಳ್ಳಿ ಕಡಗ ಇಟ್ಟಳು. ಒಳಕಲ್ಲಿಗೆ ಬಡದು ಬಿರುಕು ಬಿಟ್ಟಿತ್ತು. ಬೆಸಗಿ ಹಾಕಬೇಕಂತ.

ನಲವತ್ತು ವರ್ಷ ಬೆಳ್ಳಿ ಬಡದೇನಿ. ಇಂಥಾದ್ದು ನೋಡಿಲ್ಲ. ಅಗಲ ಪಟ್ಟಿ, ಕೈಯಾಗ ಭಾರ. ಅದರ ಮ್ಯಾಲೆ ಅಚ್ಚು ಒತ್ತಿದ ಗುರುತು — ಬಾಣದ ಹಂಗ, ಅರ್ಧ ಸೂರ್ಯನ ಹಂಗ. ನಡುವ ಬಾರೆಹಣ್ಣಿನಷ್ಟು ನೀಲಿ ಕಲ್ಲು, ಅದರಾಗ ಕರೀ ಎಳಿ. ಫಿರೋಜಾ ಹರಳು ಇದ್ದಂಗ ಐತಿ.

"ಯಾರದು?"

"ನಂದ್ರಿ. ಗಲಗಲಿಗೆ ಕೋಳಿ ಸಾಕೋದು ಕಲಸಾಕ ಅಮೇರಿಕಾದ ರೂತಬಾಯಿ ಬಂದಿದ್ರಲ್ಲ, ಅವರಿಗೆ ಅಡಗಿ ಮಾಡತಿದ್ದೆ. ಊರಿಗೆ ಹೋಗುವಾಗ ಕೊಟ್ರು. ಕಲ್ಲಿಗೆ ಬೆಂಕಿ ತೋರಸಬ್ಯಾಡ್ರಿ ಪತ್ತಾರ್ರ, ಬಾಯಿ ಹೇಳ್ಯಾರ."

ನಾಳೆ ಬಾ ಅಂದೆ. ಅಡಗಿಯಾಕಿಗೆ ಇಂಥಾ ಬೆಳ್ಳಿ ಯಾರು ಕೊಡತಾರ?

೧೧-೨

ಒರೆಗಲ್ಲಿಗೆ ತಿಕ್ಕಿ ನೋಡಿದೆ. ಬೆಳ್ಳಿ ಖರೆ. ಸಂಶಯ ಇನ್ನೂ ಹೆಚ್ಚಾತು. ಬೆಂಕಿ ಯಾಕ ಬ್ಯಾಡ? ಕಲ್ಲು ಖೊಟ್ಟಿ ಇದ್ರ ಬಾಯಿ ಕೊಟ್ಟಿರಬಹುದು. ಖರೆ ಇದ್ರ ಇಕಿ ಕದ್ದಾಳ.

ಅನ್ನವ್ವಗ ಹೇಳಿದೆ. "ನಿಮಗ್ಯಾಕ್ರಿ? ಬೆಸಗಿ ಹಾಕಿ ಕೊಟ್ಟು ಕಳಸ್ರಿ" ಅಂದಳು. ಹೆಂಡತಿಗೆ ಏನು, ಹೇಳಿಬಿಡತಾಳ. ಕದ್ದ ಮಾಲು ಅಂಗಡ್ಯಾಗ ಸಿಕ್ಕರ ಪೊಲೀಸರು ಹಿಡಿಯೋದು ನನ್ನ.

ತಾರವ್ವ ಬಂದಳು. ಇದ್ದಲಿ ಇಲ್ಲ, ಮುಂದಿನ ವಾರ ಬಾ ಅಂದೆ. ಇದ್ದಲಿ ಚೀಲ ಅಲ್ಲೇ ಇತ್ತು. ನೋಡಿದಳು. ಸೆರಗು ಸರಿಮಾಡಿಕೊಂಡು ಹೊಂಟಳು. ಯಾಕ ಜಗಳ ತಗೀಲಿಲ್ಲ?

೧೩-೨

ಕಡಗ ಪಾಯಪ್ಪನವರಿಗೆ ತೋರಿಸಿದೆ. ಅವರ ಮುಖ ಬಿಗೀತು. "ಛಲೋ ಆತು ಶಿದ್ರಾಮಪ್ಪಾ, ತಿಳಿಸಿದಿ." ಇಂಗ್ಲಿಷ್ ಬಲ್ಲವರು. ಕಡಗ ನೀವ ಕೊಟ್ಟದ್ದೇನು ಅಂತ ಕೇಳಿ ರೂತಬಾಯಿಗೆ ಕಾಗದ ಬರದ್ರು, ಏರ್‌ಮೇಲ್.

೧೫-೨, ಶನಿವಾರ

ಸೂಜಿ ಕಾಸಿ ಕಲ್ಲಿಗೆ ತಾಗಿಸಿದೆ. ಕರಗಲಿಲ್ಲ. ಪ್ಲಾಸ್ಟಿಕ್ ಅಲ್ಲ. ಅಷ್ಟಕ್ಕ ಬಿಡಬೇಕಿತ್ತು. ಗಾಜು ಇದ್ರ ತಿಳೀಲಿ ಅಂತ ಊದುಗೊಳವಿ ಊದಿ ಕಲ್ಲಿಗೆ ಉರಿ ಹಿಡದೆ.

ಚಟ್ ಅಂತು. ನೀಲಿ ಹೋತು. ಹೊತ್ತಿದ ರೊಟ್ಟಿ ಬಣ್ಣ... ನಡುವ ಒಂದು ಸೀಳು.

ನಲವತ್ತು ವರ್ಷದ ಕೈ.

ಅನ್ನವ್ವಗ ಹೇಳಿಲ್ಲ.

೧೮-೨

ಪಾಯಪ್ಪನವರು ಕಾಗದದ ಉತ್ತರಕ್ಕ ಕಾಯಲಿಲ್ಲ. ಹಮಾಲರು, ನೇಕಾರರು ನಿಂತಾಗ ಅಂಗಳದಾಗ ತಾರವ್ವನ್ನ ಕಳ್ಳಿ ಅಂತ ಕೆಲಸ ಬಿಡಿಸಿದ್ರು. ಅಲ್ಲಿಂದ ನೆಟ್ಟಗ ನನ್ನ ಅಂಗಡಿಗೆ ಬಂದಳು.

"ನನ್ನ ಕಳ್ಳಿ ಅಂದ್ರಿ?"

"ನಾ ಹಂಗ ಅಂದಿಲ್ಲವ್ವಾ..."

"ನನ್ನ ಕಡಗ ಕೊಡ್ರಿ."

"ರೂತಬಾಯಿ ಕಾಗದ ಬರಲಿ."

ಸುಟ್ಟ ಕಲ್ಲು ತೋರಿಸಲಾರದ ಕಾಗದದ ನೆವ ಹೇಳಿದೆ. ಅಕಿ ಖರೇನ ಕಳ್ಳಿ ಇದ್ರ ಛಲೋ ಅನಸಾಕತ್ತೈತಿ.

೧೪-೩, ಶುಕ್ರವಾರ

ಕಾಗದ ಬಂತು. ಪಾಯಪ್ಪನವರು ನನ್ನ ಮುಖ ನೋಡದ ಓದಿ ಹೇಳಿದ್ರು. ಅಮೇರಿಕಾದಾಗ ನವಾಹೊ ಅಂತ ಅಲ್ಲಿಯ ಮೂಲ ಜನ ಇದ್ದಾರಂತ. ಬೆಳ್ಳಿ ಕೆಲಸದಾಗ ಗಟ್ಟಿಗರು. ಹಿಂದಕ ಬೆಳ್ಳಿ ನಾಣ್ಯ ಕರಗಿಸಿ ಮಾಡತಿದ್ದರಂತ — ನಾನೂ ರಾಣಿ ಛಾಪ ರೂಪಾಯಿ ಎಷ್ಟು ಕರಗಿಸೇನಿ. ರೂತಬಾಯಿಯ ತಾಯಿ ಆ ಜನರ ಊರಾಗ ನರ್ಸ್ ಇದ್ರಂತ. ಅವರ ಆರೈಕ್ಯಾಗ ಅಲ್ಲಿಯ ಪತ್ತಾರ ಒಬ್ಬನ ಮಗಳು ಬದುಕಿ ಉಳದದ್ದಕ್ಕ ಅವನು ತನ್ನ ಕೈಯಾರೆ ಮಾಡಿಕೊಟ್ಟ ಕಡಗ ಇದು.

"ಗಲಗಲಿಯೊಳಗ ನನಗ ಟೈಫಾಯ್ಡ್ ಬಂದಾಗ ಇಪ್ಪತ್ತೆರಡು ದಿನ ತಾರವ್ವ ನನ್ನ ಬಿಟ್ಟು ಏಳಲಿಲ್ಲ. ಅಕಿಗಲ್ಲದ ಇನ್ಯಾರಿಗೆ ಕೊಡಲಿ?"

ಕಡೀಕ ಒಂದು ಸಾಲು — ಆ ಕಲ್ಲು ಬೆಂಕಿ ತಡಿಯೂದಿಲ್ಲ, ಪತ್ತಾರರಿಗೆ ಹೇಳ್ರಿ.

೧೫-೩

ಕಲ್ಲು ಬಿಚ್ಚಿಟ್ಟು ಬಿರುಕಿಗೆ ಬೆಸಗಿ ಹಾಕಿದೆ. ತಿರುಗಿ ಕೂಡಿಸಿದೆ. ಅರ್ಧ ತಾಸಿನ ಕೆಲಸ. ಮೊದಲನೇ ದಿನಾನ ಮಾಡಬಹುದಿತ್ತು.

ತಾರವ್ವನ ಮನಿಗೆ ಹೋಗಿ ಎಲ್ಲಾ ಹೇಳಿದೆ. ಸುಟ್ಟದ್ದೂ. ಕಡಗ ಕೈಯಾಗ ಹಿಡದು ಸೀಳಿನ ಮ್ಯಾಲೆ ಬೆರಳಾಡಿಸಿದಳು. ಅಳಲಿಲ್ಲ.

"ಇಲ್ಲಿ ನನಗೊಬ್ಬಾಕಿಗೆ ಹೇಳಿದ್ರ ಏನಾತ್ರಿ? ನನ್ನ ಮಾನ ಹೋಗಿದ್ದು ಪಾಯಪ್ಪನವರ ಅಂಗಳದಾಗ. ಅಲ್ಲಿ ಹೇಳ್ರಿ."

೧೭-೩, ಸೋಮವಾರ

ಹೇಳಿದೆ. ಪಾಯಪ್ಪನವರ ಅಂಗಳದಾಗ, ಹಮಾಲರ ಮುಂದ, ನೇಕಾರರ ಮುಂದ. ತಾರವ್ವನೂ ಬಂದಿದ್ದಳು. ಟೊಪಗಿ ತಗದು ಕೈಯಾಗ ಹಿಡದಿದ್ದೆ. "ಅಕಿ ಕದ್ದಿಲ್ಲ. ಸಂಶಯ ನಂದು. ಕಲ್ಲು ಸುಟ್ಟಾಂವನೂ ನಾನ."

ಪಾಯಪ್ಪನವರು ನೆಲ ನೋಡಕೋತ, "ನಾಳಿಂದ ಕೆಲಸಕ್ಕ ಬಾ ತಾರವ್ವಾ" ಅಂದ್ರು.

"ಒಲ್ಲೆರಿ."

ಜಯಪುರದಿಂದ ಬ್ಯಾರೆ ಫಿರೋಜಾ ತರಿಸಿ ಕೂಡಸತೇನಿ ಅಂದೆ. ತಲಿ ಅಲ್ಲಾಡಿಸಿದಳು. ಸುಟ್ಟ ಕಲ್ಲು ಮ್ಯಾಲಾಗುವಂಗ ಕಡಗ ಹಾಕ್ಕೊಂಡಳು.

"ಇದ ಇರಲಿ. ಏನಾತಂತ ಮಂದಿ ಕೇಳತಾರ. ಹೇಳತೇನಿ."

ಸಂಜಿಗೆ ಸಂತಿಯಾಗ ಕಂಡಳು. ಸುತ್ತ ನಾಕು ಮಂದಿ ಹೆಂಗಸರು. ಕೈ ಮುಂದ ಮಾಡಿ ತೋರಸಾಕತ್ತಿದ್ದಳು. ನನ್ನ ನೋಡಿದ್ರೂ ಮಾತು ನಿಲ್ಲಿಸಲಿಲ್ಲ. ಏನು ಹೇಳಾಕತ್ತಿದ್ದಳೋ... ಹತ್ತರ ಹೋಗಿ ಕೇಳಬೇಕಂತ ಎರಡು ಹೆಜ್ಜಿ ಇಟ್ಟೆ. ಆಮ್ಯಾಲೆ ಹೊರಳಿ ಅಂಗಡಿ ಹಾದಿ ಹಿಡದೆ.