ಬಾಗಿಲಿಲ್ಲದ ಮಾಲೀಕ

೧೪ ನವೆಂಬರ್ ೨೦೦೬, ಮಂಗಳವಾರ, ಕನಕಪುರ

ಮಾರಿಷಸ್‌ಗೆ ಕಳಿಸಿದ್ದ ಮೂರನೇ ಕಂದಾಯ ನೋಟಿಸೂ ಇವತ್ತು ವಾಪಸ್ ಬಂತು. ನಮ್ಮೂರ ಕಲ್ಲುಕ್ವಾರಿಯ ಮಾಲೀಕನೆಂದರೆ ಅಲ್ಲಿನ ಒಂದು ಅಂಚೆಪೆಟ್ಟಿಗೆಯ ನಂಬರು. ತೆರಿಗೆ ಕೇಳದ ಊರಂತೆ ಅದು.

"ಅದೇ ಬಾಕ್ಸ್‌ನಾಗೆ ಇನ್ನೂರು ಕಂಪ್ನಿ ಅವೆ ಮೇಡಂ. ಓನರ್ ಯಾರು ಅಂತ ನಂಗೂ ಗೊತ್ತಿಲ್ಲ," ಎಂದು ಕ್ವಾರಿ ಮ್ಯಾನೇಜರ್ ಜಯಕುಮಾರ್ ಫೋನಿನಲ್ಲಿ ನಕ್ಕ.

ಹನ್ನೊಂದು ವರ್ಷದಿಂದ ಪಂಚಾಯಿತಿ ಬಿಲ್ ಕಲೆಕ್ಟರ್ ನಾನು. ಕಂದಾಯ ಕಟ್ಟದವರು ಸಿಗದಿದ್ದರೆ ನೋಟಿಸನ್ನು ಬಾಗಿಲಿಗೆ ಅಂಟಿಸಿ, ನೆರೆಯವರ ಸಾಕ್ಷಿ ಹಾಕಿಸುತ್ತೇವೆ. ಹೋದ ವರ್ಷ ಕ್ವಾರಿ ಪಕ್ಕದ ಮುನಿಯಮ್ಮನ ಗುಡಿಸಲಿಗೂ ಅಂಟಿಸಿದ್ದೆ, ನಲವತ್ತು ರೂಪಾಯಿಗೆ! ಈ ಮಾಲೀಕನಿಗೆ ಬಾಗಿಲೇ ಇಲ್ಲ.

ಮೈದಾ ಅಂಟು ಕಾಯಿಸಿಕೊಂಡು ಕ್ವಾರಿಗೇ ಹೋದೆ. ನಾಳೆ ಬೆಳಿಗ್ಗೆ ಮದ್ರಾಸ್ ಬಂದರಿಗೆ ಹೊರಡಲಿದ್ದ ಲಾರಿ ಹತ್ತಿ, ಕಲ್ಲಿನ ಮೇಲೇ ನೋಟಿಸ್ ಅಂಟಿಸಿದೆ. ನೆರೆಯವಳೆಂದು ಮುನಿಯಮ್ಮನನ್ನೇ ಕರೆದೆ.

"ನನ್ ಬಾಗ್ಲಿಗೆ ಅಂಟ್ಸ್‌ದಾಗ ಊರೆಲ್ಲಾ ನೋಡ್ತು ಕಣವ್ವ. ಇವುನ್ದೂ ಒಸಿ ನೋಡ್ಲಿ," ಎಂದು ನೋಟಿಸಿನ ಮೇಲೆ ಹೆಬ್ಬೆಟ್ಟು ಒತ್ತಿದಳು.

ಸಂಜೆ ಪಂಚಾಯಿತಿ ಸೆಕ್ರೆಟರಿ ಫೋನಿನಲ್ಲಿ ಕೂಗಾಡಿದರು. ಬೆಳಿಗ್ಗೆ ಲಾರಿ ಹೊರಡುವ ಮುಂಚೆ ನಾನೇ ಹೋಗಿ ಅದನ್ನು ಕೀಳಬೇಕಂತೆ.

ಕೀಳುವುದಿಲ್ಲ. ಬೇಕಿದ್ದರೆ ಆ ಮಾಲೀಕನೇ ಬಂದು ಕೀಳಲಿ. ಅವನ ಮುಖವನ್ನಾದರೂ ನೋಡಿದ ಹಾಗಾಗುತ್ತದೆ. ಬರದಿದ್ದರೆ ಕಲ್ಲು ಹಡಗು ಹತ್ತಲಿ, ಮುನಿಯಮ್ಮನ ಹೆಬ್ಬೆಟ್ಟೂ ಜೊತೆಗೇ ಹೋಗಲಿ.