ಮೀನಲಕ್ಕನ ಕೋಣೆಯ ಪ್ರಿಂಟರ್

ಜೂನ್ 9, ಸೋಮವಾರ

ಪ್ರಿಂಟರ್ ನಾನೇ ಆರಿಸಬೇಕಂತೆ!!! ಮಾವನೇ ಹೇಳಿದರು. ಚಹಾ ಸೋಸುತ್ತಿದ್ದೆ, ಅರ್ಧ ಚಹಾ ಕಟ್ಟೆಯ ಮೇಲೆ. ಅತ್ತೆ ಬೈಯಲಿಲ್ಲ, ನಕ್ಕರು. ಮದುವೆಯಾಗಿ ಇಪ್ಪತ್ತಾರು ದಿನ, ಆಗಲೇ ಗಡಿಯಾಚೆ ಉದಗೀರಿನ ಈ ಮನೆಯಲ್ಲಿ ನನಗೆ ನನ್ನದೇ ಆಫೀಸ್! ಮೂಲೆಯ ಕೋಣೆ. ಮೊದಲು ನನ್ನ ಗಂಡ ನೀಲೇಶನ ಅಕ್ಕ ಮೀನಲಳದ್ದಾಗಿತ್ತು. ಆಕೆ ಪುಣೆಯಲ್ಲಿ ನರ್ಸ್. ರಜೆ ಸಿಗಲಿಲ್ಲ ಅಂತ ಮದುವೆಗೂ ಬರಲಿಲ್ಲ. ಆದರೆ ಪ್ರತಿ ರವಿವಾರ ನನಗೆ ಫೋನ್ ಮಾಡುತ್ತಾಳೆ, ಅರ್ಧ ಗಂಟೆ ನಗಿಸುತ್ತಾಳೆ. ನನಗೆ ಅಕ್ಕ ಇರಲಿಲ್ಲ. ಈಗ ಇದ್ದಾಳೆ!

ಇನ್ನು ನಾನು ಮಾಡುವ ಮಕ್ಕಳ ವರ್ಕ್‌ಶೀಟಿಗೆ ಝೆರಾಕ್ಸ್ ಅಂಗಡಿಗೆ ಓಡುವುದು ಬಂದ್. ಪಬ್ಲಿಷರ್‌ಗೆ ಮೇಲ್ ಹಾಕಿದೆ — ಹೋಮ್ ಆಫೀಸ್ ರೆಡಿ. (ಇನ್ನೂ ಆಗಿಲ್ಲ. ಆದರೂ.)

ಜೂನ್ 11, ಬುಧವಾರ

ಮೂರು ತಾಸು ರಿವ್ಯೂ ಓದಿದೆ. ತಲೆ ಗಿರ್ರ್. ತೀರ್ಮಾನ: ಕಪ್ಪು-ಬಿಳುಪು ಲೇಸರ್, ಪ್ರಿಂಟ್-ಸ್ಕ್ಯಾನ್-ಕಾಪಿ ಮೂರೂ ಇರಬೇಕು, ಎರಡೂ ಬದಿ ತಾನೇ ಹೊಡೆಯಬೇಕು, ವೈಫೈ.

ಮಾವ ಕುರ್ಚಿ ಎಳೆದುಕೊಂಡು ಪಕ್ಕ ಕೂತರು. ನಿಲಂಗಾದ ನೋಂದಣಿ ಕಚೇರಿಯ ಎದುರು ನಲವತ್ತು ವರ್ಷ ದಸ್ತಾವೇಜು ಬರೆದವರು. ಮನ್ಮಥಪ್ಪ ಬರೆದ ಕಾಗದದಲ್ಲಿ ಒಂದು ಕಾಟು, ತಿದ್ದು ಇಲ್ಲ ಅಂತ ಊರೇ ಹೇಳುತ್ತದೆ.

"ಕಲರ್ ಇರಲಿ, ಸೂನಬಾಯಿ."

"ವರ್ಕ್‌ಶೀಟಿಗೆ ಕಪ್ಪೇ ಸಾಕ್ರಿ ಮಾವಾ."

"ಇರಲಿ. ನೀಲಿ ಛಂದ ಬರಬೇಕು. ಪೆನ್ನಿನ ನೀಲಿ ಇರ್ತದಲ್ಲ, ಹಂಗ."

ಸೂನಬಾಯಿ, ಅಂದರೆ ಸೊಸೆ, ಕೇಳಿದ್ದಕ್ಕಿಂತ ದೊಡ್ಡದು ಕೊಡಿಸುವ ಮಾವ! ಭಾಲ್ಕಿಗೆ ಫೋನ್ ಮಾಡಿ ಅಮ್ಮನಿಗೆ ಹೇಳಿದೆ. ಪುಣ್ಯ ಮಾಡಿದಿ, ವಿದ್ಯಾ ಅಂದಳು.

ಜೂನ್ 15, ರವಿವಾರ

ತಂದೆವು!! ಪೇಟೆಯ ಕಂಪ್ಯೂಟರ್ ಅಂಗಡಿಯಲ್ಲಿ ಒಂದೂವರೆ ತಾಸು. ಅಂಗಡಿಯವನು ಮೊದಲು ಇಂಕ್ ಟ್ಯಾಂಕ್ ತೋರಿಸಿದ. "ನೋಡ್ರಿ ವಹಿನಿ, ಕಲರ್ ಬೇಕಂದ್ರ ಇದೇ ಸಸ್ತಾ." ಮಾವ ಬೆರಳಿಗೆ ಉಗುಳು ಹಚ್ಚಿ ಸ್ಯಾಂಪಲ್ ಹಾಳೆ ಮೇಲೆ ಉಜ್ಜಿದರು. ನೀಲಿ ಹರಡಿತು.

"ಇದು ಬ್ಯಾಡ. ನೀರಿಗಿ ಅಳಿಸಬಾರ್ದು."

ಕಲರ್ ಲೇಸರ್‌ನ ಹಾಳೆ ಉಜ್ಜಿದರು. ಏನೂ ಆಗಲಿಲ್ಲ. ಆಮೇಲೆ ಜೇಬಿನಿಂದ ತಾವೇ ತಂದ ಒಂದು ದಪ್ಪ ಹಾಳೆ ತೆಗೆದರು, ಹಸಿರು ಬಣ್ಣದ್ದು, ಕಚೇರಿ ಕಾಗದ. "ಇಂಥಾದ್ದು ಒಂದೊಂದೇ ಹಾಕ್ಲಿಕ್ಕಿ ಬರ್ತದೇನು?"

"ಬರ್ತದ್ರಿ, ಮುಂದಿನ ಸಂದಿಯೊಳಗ. ಕಾಕಾ, ನೋಟ್ ಛಾಪಿಸ್ತೀರೇನು?"

ಎಲ್ಲರೂ ನಕ್ಕೆವು. ನೀಲೇಶ ನಗಲಿಲ್ಲ. ಬಿಸಿಲಿಗೆ ತಲೆನೋವಂತೆ. ಪಾಪ, ಆಟೋದಲ್ಲಿ ಡಬ್ಬ ತೊಡೆ ಮೇಲಿಟ್ಟುಕೊಂಡು ಬಂದ.

ಜೂನ್ 16, ಸೋಮವಾರ

ಮೊದಲ ಹಾಳೆ ಹೊರಬಂತು. ಅತ್ತೆ ಮುಟ್ಟಿ ನೋಡಿ, "ಅಯ್ಯ, ಬಿಸಿ ಅದ! ಹಂಚಿನ ಮ್ಯಾಲಿಂದ ರೊಟ್ಟಿ ತಗದಂಗ!" ಕೆನ್ನೆಗೆ ಒತ್ತಿಕೊಂಡರು. ಲವ್ ಹರ್!! ನಮ್ಮಿಬ್ಬರ ಮದುವೆ ಫೋಟೋ ಪ್ರಿಂಟ್ ಮಾಡಿದೆ. ಮುಖ ಸ್ವಲ್ಪ ಕೆಂಪಾಗಿದೆ. ನೀಲಿ ಮಾತ್ರ ಪರ್ಫೆಕ್ಟ್.

ಜೂನ್ 20, ಶುಕ್ರವಾರ

ಮಾವನಿಗೆ ಸ್ಕ್ಯಾನ್ ಕಲಿಸಿದೆ! ಪ್ರಾಕ್ಟೀಸ್‌ಗೆ ಅವರೇ ಒಂದು ಹಳೆಯ ಬ್ಯಾಂಕ್ ಫಾರ್ಮ್ ತಂದರು. ಈ ಕೋಣೆಯ ಕಪಾಟಿನಿಂದ, ಮೀನಲಕ್ಕನದು. ಗಾಜಿನ ಮೇಲೆ ಮಲಗಿಸುವುದು, ಕಲರ್ ಆರಿಸುವುದು, ಬೇಕಾದಷ್ಟೇ ಕತ್ತರಿಸುವುದು, ಹಿಂದಿನ ಬಿಳಿ ತೆಗೆಯುವುದು, ಬೇರೆ ಪೇಜಿಗೆ ತಂದು ಕೂರಿಸುವುದು. ಅರವತ್ತೆಂಟರಲ್ಲಿ ಎಷ್ಟು ಬೇಗ ಕಲಿತರು! ಅಕ್ಕನ ಸಹಿಯನ್ನು ನನ್ನ ಸೇಬಿನ ವರ್ಕ್‌ಶೀಟ್ ಮೇಲೆ ಕೂರಿಸಿ ತೋರಿಸಿದೆ. ಬಿದ್ದು ಬಿದ್ದು ನಕ್ಕೆ.

ಮಾವ, "ಮತ್ತೊಮ್ಮಿ ತೋರ್ಸು" ಅಂದರು.

ಜೂನ್ 25, ಬುಧವಾರ

ಇವತ್ತು ನಾನು ಸಾಕ್ಷಿ! ಶಿರೂರ ಅನಂತಪಾಳದ ರೋಡಿಗೆ ಒಂದು ಹೊಲವಿದೆ. ಮಾವನ ತಾಯಿ ಇಬ್ಬರು ಮೊಮ್ಮಕ್ಕಳಿಗೂ ಅರ್ಧರ್ಧ ಬರೆದಿಟ್ಟು ಹೋದದ್ದು. ಮೀನಲಕ್ಕ ತನ್ನ ಅರ್ಧ ತಮ್ಮನಿಗೆ ಬಿಟ್ಟುಕೊಟ್ಟಿದ್ದಾಳೆ. ಹಕ್ಕಸೋಡ ಅಂತಾರೆ ಇಲ್ಲಿ. ನಾನೂ ಮದುವೆಗೆ ಮುಂಚೆ ತಮ್ಮ ಸಂಜುಗೆ ಹೀಗೇ ಬರೆದುಕೊಟ್ಟೆ, ಪೇಢಾ ತಿಂದು ಫೋಟೋ ತೆಗೆಸಿಕೊಂಡೆವು.

ಹಸಿರು ಹಾಳೆ. ಅಕ್ಕನ ಸಹಿ ಆಗಲೇ ಇತ್ತು.

"ಅಕ್ಕ ಯಾವಾಗ ಬಂದು ಹೋದ್ರು?"

"ಪೋಸ್ಟಿಗೆ ಬಂತು."

ಫ್ಯಾನಿಗೆ ಹಾರಬಾರದೆಂದು ಮಾವ ಬರಹದ ಮೇಲೆ ಅಂಗೈ ಇಟ್ಟು ಹಿಡಿದಿದ್ದರು. ನನ್ನ ದೊಡ್ಡ ಇಂಗ್ಲಿಷ್ ಸಹಿ ಹಾಕಿದೆ, ಬಾಲ ಸಮೇತ. ಅಕ್ಕನಿಗೆ ಥ್ಯಾಂಕ್ಸ್ ಹೇಳಬೇಕು ಅಂದೆ. ಈಗ ಬೇಡ, ಕೆಲಸ ಆಗಲಿ ಅಂದ ನೀಲೇಶ.

ಜೂನ್ 27, ಶುಕ್ರವಾರ. ಮಧ್ಯಾಹ್ನ 3.

ಕಾಪಿ ತೆಗೆಯಲು ಅದೇ ಹಾಳೆ ಕೊಟ್ಟಿದ್ದರು. ಗಾಜಿನ ಮೇಲೆ ಬೋರಲು ಹಾಕಿ ಸರಿಮಾಡುವಾಗ ಹಿಂಬದಿ ಕೈಗೆ ತಾಗಿತು. ನನ್ನ ಸಹಿ ಉಬ್ಬಿದೆ. ಸಹಿ ಹಾಕುವಾಗ ಮೇಜಿನ ಮೇಲೆ ಬಟ್ಟೆ ಹಾಸಿತ್ತು, ನಾನು ಒತ್ತಿ ಬರೆಯುವವಳು, ಒಂದೊಂದು ಗೆರೆಯೂ ಬೆರಳಿಗೆ ಸಿಗುತ್ತದೆ.

ಅಕ್ಕನ ಸಹಿಯ ಹಿಂದೆ ಏನೂ ಇಲ್ಲ. ನುಣ್ಣಗೆ.

ಕಿಟಕಿಗೆ ಒಡ್ಡಿ ಓರೆಯಾಗಿ ನೋಡಿದೆ. ನನ್ನ ನೀಲಿ ಮಂಕು. ಅಕ್ಕನ ನೀಲಿ ಮಿನುಗುತ್ತದೆ. ವರ್ಕ್‌ಶೀಟಿನಲ್ಲಿ ಪ್ರಿಂಟ್ ಆದ ಸೇಬಿನ ಹಾಗೆ.

ಮಾವ ಅಂಗೈ ಇಟ್ಟಿದ್ದ ಕಡೆ ಓದಿದೆ. ಮರಾಠಿ, ನಿಧಾನ ಆಯಿತು. "ಮೀನಲ ನನ್ನ ಕಣ್ಣೆದುರು ಸಹಿ ಮಾಡಿದ್ದಾಳೆ" ಎಂದಿದೆ. ಅದರ ಕೆಳಗೆ ನಾನು. ಬಾಲ ಸಮೇತ.

ಎರಡು ಕಾಪಿ ತೆಗೆದು ಕೊಟ್ಟೆ. ಹಾಳೆ ಬೆಚ್ಚಗಿತ್ತು.

ಜೂನ್ 29, ರವಿವಾರ

ಅಕ್ಕನ ಫೋನ್. "ಏನವ್ವಾ ಹೊಸಾ ಮದಲಗಿತ್ತಿ, ನಿನ್ನ ಮಷಿನ್ ಹೆಂಗದ?"

"ಅಕ್ಕಾ, ನೀವು ಪೋಸ್ಟಿಗೆ ಕಾಗದ ಕಳಿಸಿದ್ರಲ್ಲ…"

"ನಾ ಯಾವ ಕಾಗದ ಕಳಿಸ್ದೆ?"

ಅತ್ತೆ ಬಾಗಿಲಲ್ಲಿದ್ದರು. ಏನೋ ಹೇಳಿ ಇಟ್ಟುಬಿಟ್ಟೆ.

ಅತ್ತೆ ಪಕ್ಕದಲ್ಲಿ ಕೂತು ಮೆಂತೆ ಸೊಪ್ಪು ಬಿಡಿಸಿದರು. "ಆಕಿ ಸಹಿ ಮಾಡಂಗಿಲ್ಲ ಅಂದಳು. ಅದಕ್ಕೇ ನಿಮ್ಮ ಲಗ್ನಕ್ಕ ನಾವು ಕರೀಲಿಲ್ಲ. ಹೊಲ ಬೇಕಂದ್ರ ತವರುಮನಿ ಬಿಡಬೇಕು. ನೀ ಶಾಣ್ಯಾಕಿ ಇದ್ದಿ."

ಅಕ್ಕನಿಗೆ ರಜೆ ಸಿಗಲಿಲ್ಲ ಅಂತ ಇವರೇ ಅಂದಿದ್ದರು.

ನೀಲೇಶನನ್ನು ಕೇಳಿದೆ. ಕಿಟಕಿ ಕಡೆ ನೋಡುತ್ತ ಹೇಳಿದ, "ಹೊಲ ಮನ್ಯಾಗೇ ಇರ್ತದಲ್ಲ. ನೀನೂ ನಿಮ್ಮ ಸಂಜುಗ ಬರದ ಕೊಟ್ಟಿಲ್ಲೇನು?"

"ಕೊಟ್ಟೀನಿ. ನನ್ನ ಕೈಲೆ."

ಕಿಟಕಿ ಮುಚ್ಚಿದ. ಆಮೇಲೆ ನನ್ನ ಕೂದಲು ಕಿವಿಯ ಹಿಂದೆ ಸರಿಸಿ, ಮದುವೆಯ ಮೊದಲ ವಾರ ಮಾಡುತ್ತಿದ್ದ ಹಾಗೆ, "ಸಾಕ್ಷಿ ನೀ ಹಾಕಿದಿ, ವಿದ್ಯಾ. ನೆನಪಿಡು. ಹೆಚ್ಚುಕಡಿಮಿ ಆದ್ರ ಮೊದಲ ನಿನ್ನನ್ನೇ ಕೇಳ್ತಾರ" ಅಂದ.

ಪ್ರೀತಿಯಿಂದಲೇ ಅಂದ. ಅದೇ ದನಿ.

ಜುಲೈ 1, ಮಂಗಳವಾರ

ಸೋಮವಾರ ಕಾಗದ ಕಚೇರಿಗೆ ಕೊಡುತ್ತಾರಂತೆ. ಊಟಕ್ಕೆ ಕೂತಾಗ ಮಾವ ಹೇಳಿದರು, ಶೇಂಗಾ ಚಟ್ನಿ ಹಾಕಿಕೊಳ್ಳುತ್ತ.

ಮಧ್ಯಾಹ್ನ ಮಾವ ಒಂದು ಬಿಳಿ ಹಾಳೆ ತಂದರು. "ಸೂನಬಾಯಿ, ಇದರ ಮ್ಯಾಲ ನಿನ್ನ ಸಹಿ ನಾಕು ಸಲ ಮಾಡು. ಬ್ಯಾಂಕಿಗಿ ಬೇಕು."

"ಯಾವ ಬ್ಯಾಂಕಿಗ್ರಿ?"

"ಮಾಡು, ಮಗಳ."

ಕೈಗೆ ಹಿಟ್ಟು ಹತ್ತಿದೆ, ನಾಳೆ ಮಾಡ್ತೀನಿ ಅಂದೆ. ಕೈಗೆ ಹಿಟ್ಟು ಹತ್ತಿರಲಿಲ್ಲ. ಅವರು ನನ್ನ ಕೈ ನೋಡಿದರು. "ನಾಳಿ ಆಗ್ಲಿ. ಅವಸರ ಇಲ್ಲ." ಹಾಳೆಯನ್ನು ಪ್ರಿಂಟರ್ ಮೇಲಿಟ್ಟು, ಪೆನ್ನು ಅದರ ಮೇಲಿಟ್ಟು ಹೋದರು.

ಜುಲೈ 2, ಬುಧವಾರ. ಬೆಳಿಗ್ಗೆ 11.

ಕಾಗದ ಮಾವನ ಟ್ರಂಕಿನಲ್ಲಿದೆ. ಆದರೆ ನಾನು ಕಾಪಿ ತೆಗೆದದ್ದು ಲ್ಯಾಪ್‌ಟಾಪಿಗೆ ಸ್ಕ್ಯಾನ್ ಮಾಡಿ, ಅದು ಅಲ್ಲೇ ಉಳಿದಿದೆ. ಮಾವನಿಗೆ ಅದೊಂದು ಕಲಿಸಿರಲಿಲ್ಲ. ಅತ್ತೆ ಸ್ನಾನಕ್ಕೆ ಹೋದಾಗ ಅಕ್ಕನಿಗೆ ಕಳಿಸಿದೆ. ನನ್ನ ಹೆಸರು ಮುಚ್ಚಿ ಕಳಿಸೋಣ ಅನ್ನಿಸಿತ್ತು. ಮುಚ್ಚಲಿಲ್ಲ.

ಎರಡು ನೀಲಿ ಟಿಕ್. ಆಮೇಲೆ ವಾಯ್ಸ್ ಮೆಸೇಜ್, ಕಿವಿಗೆ ಒತ್ತಿ ಕೇಳಿದೆ.

"ಕೆಳಗಿಂದು ನಿನ್ನ ಸಹಿ ಏನು?"

ಹೌದು ಎಂದು ಬರೆದೆ. ಮಾವ ಬಿಳಿ ಹಾಳೆ ತಂದದ್ದನ್ನೂ ಬರೆದೆ. ಮತ್ತೆ ಮೆಸೇಜ್, ಈ ಸಲ ದನಿ ಬೇರೆ.

"ಆ ಹಾಳಿ ಮ್ಯಾಲ ಒಂದ ಗೆರಿ ಸೈತ ಎಳೀಬ್ಯಾಡ. ನಾ ಬರಾಕತ್ತೀನಿ. ಸ್ಟೇಶನ್ನಿಗಿ ನೀ ಒಬ್ಬಾಕೀನೇ ಬಾ. ಬರದಿದ್ರ, ನೀ ಯಾರ ಕಡೆ ಇದ್ದಿ ಅಂತ ನಾ ತಿಳ್ಕೋತೀನಿ."

ಟ್ರೇನಿನ ಹೆಸರು, ವೇಳೆ ಬರೆದು ಕಳಿಸಿದಳು. ಎಲ್ಲ ಅಳಿಸಿದೆ. ಹೊರಗೆ ಮಾವನ ಚಪ್ಪಲಿ ಸದ್ದು. ಬಿಳಿ ಹಾಳೆ ಇನ್ನೂ ಅಲ್ಲೇ ಇದೆ. ಫೋನಿನಲ್ಲಿ ಇಟ್ಟುಕೊಳ್ಳುವಂತಿಲ್ಲ, ಮರೆಯುವಂತೆಯೂ ಇಲ್ಲ, ಅದಕ್ಕೆ ಇಲ್ಲಿ — ಶನಿವಾರ, ಮುಂಬೈ–ಬೀದರ್ ಎಕ್ಸ್‌ಪ್ರೆಸ್, ಬೆಳಿಗ್ಗೆ, ಹೋಗಲೇಬೇಕು — ಮಾವ ಬಾಗಿಲಿಗೇ ಬಂದರು